ಯಾವ ಮುಂಬೈಯ ಮಳೆ?

ಮಳೆಗಾಲ ಬಂತೆಂದರೆ ಟಿವಿ ನೋಡಿದ ಊರಿನವರ ಫೋನ್: 'ಮುಂಬೈಯಲ್ಲಿ ಭಾರೀ ಮಳೆಯಂತೆ?' ಯಾವ ಮುಂಬೈ ಎಂಬುದೇ ಪ್ರಶ್ನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದರೆ, ಕೊಲಾಬಾದಲ್ಲಿ ದಾಖಲಾಗಿದ್ದು ಸುಮಾರು 73 ಮಿ.ಮೀ.

ನನ್ನ ಕೆಲಸ ಡೇಟಾ ಜೋಡಿಸುವುದು. ಲಾರಿ ಕಳಿಸಬೇಕೋ ಬೇಡವೋ ಎಂದು ನಿರ್ಧರಿಸುವ ಸರಕು ಸಾಗಣೆಯವರಿಗೆ ಮಳೆಯ ಲೆಕ್ಕ ಬೇಕು. ಅದು ಬರುವುದು ಎಪಿಐ ಮೂಲಕ, ಅಂದರೆ ಒಂದು ಕಂಪ್ಯೂಟರ್ ಇನ್ನೊಂದನ್ನು ಕೇಳಿ ಮಾಹಿತಿ ಪಡೆಯುವ ದಾರಿಯಲ್ಲಿ. ಪ್ಲಾಟ್‌ಫಾರ್ಮ್‌ನಲ್ಲಿ ವಿಳಾಸ ಕೊಟ್ಟು, ಕೀ ಹಾಕಿ, 'ಟೆಸ್ಟ್ ಕನೆಕ್ಷನ್' ಒತ್ತಿದರೆ ಹಸಿರು ಗುರುತು ಬರುತ್ತದೆ. ದಾರಿ ತೆರೆದಿದೆ ಎಂದಷ್ಟೇ ಅದರ ಅರ್ಥ. ಬರುವ ಅಂಕಿ ಸರಿ ಎಂದಲ್ಲ.

ಮೂರು ಪ್ರಶ್ನೆ ಉಳಿಯುತ್ತವೆ.

ಯಾವ ಕೇಂದ್ರ? 'ಮುಂಬೈ' ಎಂಬ ಹೆಸರು ಸಾಲದು, ಮಾಪನ ಕೇಂದ್ರದ ಸಂಕೇತವೇ ಬೇಕು.

ಯಾವ ಹೊತ್ತು? ಹವಾಮಾನ ಇಲಾಖೆಯ ಮಳೆದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಎಪಿಐ ಸಮಯ ಯುಟಿಸಿಯಲ್ಲಿದ್ದರೆ ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಹೊಂದಿಸದಿದ್ದರೆ ಇಂದಿನ ಮಳೆ ನಿನ್ನೆಯ ಖಾತೆಗೆ ಬೀಳಬಹುದು.

ಖಾಲಿಯೋ, ಸೊನ್ನೆಯೋ? ಮಾಪಕ ಕೆಟ್ಟರೆ, ಇಲ್ಲವೇ ಮಿತಿ ಮೀರಿ ಕೇಳಿದ್ದಕ್ಕೆ ಸರ್ವರ್ '429' ಎಂದರೆ ಅಂಕಿ ಬರುವುದಿಲ್ಲ. ಆ ಜಾಗಕ್ಕೆ ಸೊನ್ನೆ ತುಂಬಿದರೆ, ಕುರ್ಲಾದಲ್ಲಿ ನೀರು ಮೊಣಕಾಲಿಗೆ ಬಂದಿದ್ದರೂ ಪರದೆ 'ಮಳೆಯಿಲ್ಲ' ಎನ್ನುತ್ತದೆ. ಲಾರಿ ಹೊರಟುಬಿಡುತ್ತದೆ.

ಹಾಗಾಗಿ ಹೊಸ ಮೂಲ ಜೋಡಿಸಿದ ದಿನವೇ, ಎಲ್ಲರಿಗೂ ಗೊತ್ತಿರುವ ಹಳೆಯ ದಿನವೊಂದರ ಲೆಕ್ಕ ತರಿಸಿ ನೋಡಿ. ಆ 944 ಸಾಂತಾಕ್ರೂಜ್ ಎದುರು, ಸರಿಯಾದ ಮಳೆದಿನದಲ್ಲಿ ಕೂತರೆ ಮುಂದಿನ ಕೆಲಸಕ್ಕೆ ಕೈ ಹಾಕಬಹುದು.