ಆರ್‌ವಿ ಚಾವಣಿಗೆ ಅಂಟಿಸುವ ಸೌರಫಲಕ: ಅನುಕೂಲವೆಷ್ಟು, ಎಚ್ಚರಿಕೆಯೆಷ್ಟು?

ಅಮೆರಿಕದಲ್ಲಿ ಆರ್‌ವಿ ಎಂದು ಕರೆಯಲಾಗುವ ವಾಹನವು ಅಡುಗೆಯ ಒಲೆ, ಹಾಸಿಗೆ, ಶೌಚಾಲಯ, ನೀರಿನ ತೊಟ್ಟಿ ಎಲ್ಲವನ್ನೂ ತನ್ನೊಳಗೆ ಇಟ್ಟುಕೊಂಡು ಸಾಗುವ ಸಂಚಾರಿ ಮನೆಯಾಗಿದ್ದು, ಸ್ವಂತ ಎಂಜಿನ್ ಉಳ್ಳ ಮೋಟರ್‌ಹೋಮ್ ಮತ್ತು ಬೇರೊಂದು ವಾಹನದ ಹಿಂದೆ ಜೋಡಿಸಿ ಎಳೆದೊಯ್ಯುವ ಟ್ರೇಲರ್ ಎಂಬ ಎರಡು ಮುಖ್ಯ ರೂಪಗಳಲ್ಲಿ ದೊರೆಯುತ್ತದೆ. ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಈ ಉದ್ಯಮದ ಕೇಂದ್ರ. ಶುಲ್ಕ ತೆತ್ತು ತಂಗುವ ಶಿಬಿರತಾಣಗಳಲ್ಲಿ ಈ ವಾಹನಗಳಿಗೆ ವಿದ್ಯುತ್ ಸಂಪರ್ಕ ಸಿಗುತ್ತದೆ. ಆದರೆ ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಬಯಲುಗಳಲ್ಲಿ, ಸಾಮಾನ್ಯವಾಗಿ 28 ದಿನಗಳ ಅವಧಿಯೊಳಗೆ 14 ದಿನ ತಂಗಲು ಅವಕಾಶವಿರುವ ಕಡೆಗಳಲ್ಲಿ, ಅಂತಹ ಯಾವ ಸೌಲಭ್ಯವೂ ಇರುವುದಿಲ್ಲ. ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್ಸೈಟ್ ಎಂಬ ಸಣ್ಣ ಊರಿನ ಸುತ್ತಲಿನ ಮರುಭೂಮಿಯಲ್ಲಿ ಸಾವಿರಾರು ಆರ್‌ವಿಗಳು ಬೀಡುಬಿಡುತ್ತವೆ. ಅಲ್ಲಿ ದೀಪ, ನೀರಿನ ಪಂಪು, ಫ್ರಿಜ್ಜು ನಡೆಯಬೇಕಾದರೆ ಜನರೇಟರಿನ ಸದ್ದು ಮತ್ತು ಹೊಗೆಯನ್ನು ಸಹಿಸಿಕೊಳ್ಳಬೇಕು, ಇಲ್ಲವೇ ಬಿಸಿಲಿನಿಂದ ಬ್ಯಾಟರಿ ತುಂಬಿಸಿಕೊಳ್ಳಬೇಕು.

ಬಿಸಿಲನ್ನು ವಿದ್ಯುತ್ತಾಗಿಸುವ ಫಲಕಗಳನ್ನು ಚಾವಣಿಯ ಮೇಲೆ ಕೂರಿಸಲು ಎರಡು ಮಾರ್ಗಗಳಿವೆ. ಮೊದಲನೆಯದರಲ್ಲಿ, ಅಲ್ಯೂಮಿನಿಯಂ ಚೌಕಟ್ಟು ಮತ್ತು ಗಾಜಿನ ಹೊದಿಕೆಯುಳ್ಳ ಗಡುಸಾದ ಫಲಕವನ್ನು ಲೋಹದ ಬ್ರಾಕೆಟ್ಟುಗಳ ಮೇಲೆ ಕೂರಿಸಿ, ಆ ಬ್ರಾಕೆಟ್ಟುಗಳನ್ನು ಚಾವಣಿಗೆ ಸ್ಕ್ರೂ ಮಾಡಲಾಗುತ್ತದೆ. ಎರಡನೆಯದರಲ್ಲಿ, ಎರಡು ಮೂರು ಮಿಲಿಮೀಟರ್ ದಪ್ಪದ, ಗಾಜಿಲ್ಲದ, ಅಲ್ಪಸ್ವಲ್ಪ ಬಾಗುವ ಫಲಕವನ್ನು ನೇರವಾಗಿ ಚಾವಣಿಗೆ ಅಂಟಿಸಲಾಗುತ್ತದೆ. 100 ವಾಟ್ ಸಾಮರ್ಥ್ಯದ ಗಾಜಿನ ಫಲಕ ಆರೇಳು ಕಿಲೋ ತೂಗಿದರೆ ಅಷ್ಟೇ ಸಾಮರ್ಥ್ಯದ ತೆಳು ಫಲಕ ಸುಮಾರು ಎರಡು ಕಿಲೋ ತೂಗುತ್ತದೆ. ಇದಕ್ಕಿಂತ ಮುಖ್ಯವಾದ ಆಕರ್ಷಣೆಯೆಂದರೆ, ಫಲಕವನ್ನು ಹಿಡಿದಿಡಲು ಚಾವಣಿಗೆ ರಂಧ್ರ ಕೊರೆಯಬೇಕಾಗಿಲ್ಲ. ಆರ್‌ವಿಯ ಆಯಸ್ಸನ್ನು ಕಡಿಮೆ ಮಾಡುವ ಕಾರಣಗಳಲ್ಲಿ ಚಾವಣಿಯ ಸೋರಿಕೆಯೇ ಮುಖ್ಯವಾದುದು. ಸ್ಕ್ರೂವಿನ ಸುತ್ತಲಿನ ಸೀಲೆಂಟ್ ಬಿಸಿಲಿಗೆ ಬಿರುಕುಬಿಟ್ಟರೆ ಒಳಗಿಳಿದ ನೀರು ಹೊದಿಕೆಯ ಕೆಳಗಿನ ಪ್ಲೈವುಡ್ಡನ್ನು ತಿಂಗಳುಗಟ್ಟಲೆ ಕೊಳೆಸುತ್ತಿದ್ದರೂ ಒಳಗೆ ಕುಳಿತವರಿಗೆ ಅದರ ಸುಳಿವು ಸಿಗದಿರಬಹುದು.

ಅಂಟಿಸುವ ಫಲಕ ಹೊಸ ಕಲ್ಪನೆಯಲ್ಲ. 1954ರಲ್ಲಿ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಪ್ರದರ್ಶಿಸಿದ ಸಿಲಿಕಾನ್ ಸೌರಕೋಶವು ತನ್ನ ಮೇಲೆ ಬಿದ್ದ ಬೆಳಕಿನ ಶೇ 6ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು. ಅಂತಹ ಹರಳುರೂಪದ ಸಿಲಿಕಾನ್ ಬಿಲ್ಲೆಗಳು ಸುಲಭವಾಗಿ ಒಡೆಯುವುದರಿಂದ ಅವುಗಳಿಗೆ ಗಾಜಿನ ಆಸರೆ ಬೇಕಾಯಿತು. ಮಿಷಿಗನ್ ರಾಜ್ಯದ ಯೂನಿ-ಸೋಲಾರ್ ಸಂಸ್ಥೆ ಬೇರೆ ದಾರಿ ಹಿಡಿದು, ತೆಳುವಾದ ಉಕ್ಕಿನ ಹಾಳೆಯ ಮೇಲೆ ಹರಳುರೂಪವಿಲ್ಲದ ಸಿಲಿಕಾನಿನ ಪದರಗಳನ್ನು ಲೇಪಿಸಿ, ಹಿಂಬದಿಯ ಕಾಗದ ಸುಲಿದು ಅಂಟಿಸಬಹುದಾದ ಪಟ್ಟಿಗಳನ್ನು ತಯಾರಿಸಿತು. ಅವು ತುಳಿತವನ್ನೂ ಶಾಖವನ್ನೂ ಚೆನ್ನಾಗಿ ತಡೆದುಕೊಳ್ಳುತ್ತಿದ್ದವು. ಆದರೆ 136 ವಾಟಿನ ಒಂದು ಪಟ್ಟಿ ಸುಮಾರು ಐದೂವರೆ ಮೀಟರ್ ಉದ್ದವಿರುತ್ತಿದ್ದುದರಿಂದ ಚಿಕ್ಕ ಚಾವಣಿಗೆ ಒಗ್ಗುತ್ತಿರಲಿಲ್ಲ. ಅದರ ಮಾತೃಸಂಸ್ಥೆ 2012ರಲ್ಲಿ ದಿವಾಳಿಯಾಯಿತು. ಇಂದು ಮಾರುಕಟ್ಟೆಯಲ್ಲಿರುವ ತೆಳು ಫಲಕಗಳಲ್ಲಿ ಹೆಚ್ಚಿನವು ಹರಳುರೂಪದ ಸಿಲಿಕಾನ್ ಕೋಶಗಳನ್ನೇ ಪ್ಲಾಸ್ಟಿಕ್ ಪದರಗಳ ನಡುವೆ ಬೆಸೆದು ಮಾಡಿದವು. ಅವುಗಳಲ್ಲಿ 100 ವಾಟಿಗೆ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚಿನ ಜಾಗ ಸಾಕು. ಮೇಲುಪದರವು ಪಿಇಟಿ ಎಂಬ ಸಾಧಾರಣ ಪ್ಲಾಸ್ಟಿಕ್ಕಿನದಾದರೆ ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಮಂಕಾಗಬಹುದು. ಇಟಿಎಫ್ಇ ಎಂಬ ಫ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕಿನದಾದರೆ ಬಿಸಿಲನ್ನು ಹೆಚ್ಚು ಕಾಲ ತಾಳುತ್ತದೆ. ಬಾಗುವ ಫಲಕವೆಂದು ಹೆಸರಿದ್ದರೂ ಒಳಗಿನ ಕೋಶಗಳು ಒಡೆಯುವ ಸ್ವಭಾವದವೇ ಆದ್ದರಿಂದ, ಅವುಗಳ ಮೇಲೆ ಕಾಲಿಟ್ಟರೆ ಅಥವಾ ಮತ್ತೆ ಮತ್ತೆ ಬಾಗಿಸಿದರೆ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿ ಉತ್ಪಾದನೆ ಕುಸಿಯುತ್ತದೆ.

ಅಂಟು ಎಷ್ಟು ಹಿಡಿಯುತ್ತದೆಂಬುದು ಚಾವಣಿಯ ವಸ್ತುವನ್ನು ಅವಲಂಬಿಸಿರುವುದರಿಂದ, ಫಲಕವನ್ನು ಕೊಳ್ಳುವ ಮೊದಲು ಚಾವಣಿ ಯಾವುದೆಂದು ತಿಳಿಯುವುದು ಅಗತ್ಯ. ಆರ್‌ವಿಗಳ ಚಾವಣಿಯನ್ನು ಸಾಮಾನ್ಯವಾಗಿ ನಾಲ್ಕು ವಸ್ತುಗಳಲ್ಲಿ ಒಂದರಿಂದ ಮಾಡಿರುತ್ತಾರೆ: ಇಪಿಡಿಎಂ ಎಂಬ ಕೃತಕ ರಬ್ಬರ್ ಹಾಳೆ, ಟಿಪಿಒ ಎಂಬ ಪ್ಲಾಸ್ಟಿಕ್ ಹಾಳೆ, ಫೈಬರ್‌ಗ್ಲಾಸ್ ಮತ್ತು ಅಲ್ಯೂಮಿನಿಯಂ. ಕೊನೆಯ ಎರಡರ ಗಟ್ಟಿಯಾದ, ನಯವಾದ ಮೈಗೆ ಅಂಟು ಚೆನ್ನಾಗಿ ಹಿಡಿಯುತ್ತದೆ. ಓಹಿಯೊ ರಾಜ್ಯದಲ್ಲಿ ತಯಾರಾಗುವ ಏರ್‌ಸ್ಟ್ರೀಮ್ ಟ್ರೇಲರುಗಳ ದುಂಡನೆಯ ಅಲ್ಯೂಮಿನಿಯಂ ಚಾವಣಿಯಂತಹ ಕಡೆ ಬಾಗುವ ಫಲಕವೇ ಸಹಜವಾಗಿ ಹೊಂದುತ್ತದೆ. ರಬ್ಬರ್ ಮತ್ತು ಟಿಪಿಒ ಹಾಳೆಗಳ ಸಂಗತಿ ಬೇರೆ. ಅವುಗಳ ಮೈ ಅಂಟನ್ನು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಹಳೆಯ ಇಪಿಡಿಎಂ ಹಾಳೆಯು ಬಿಸಿಲಿಗೆ ಸವೆದು ಸೀಮೆಸುಣ್ಣದಂತಹ ಪುಡಿಯನ್ನು ಬಿಡುತ್ತಿರುವುದರಿಂದ, ಅಂಟು ಹಾಳೆಯನ್ನು ಹಿಡಿಯದೆ ಪುಡಿಯನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಪೆಟ್ರೋಲಿಯಂ ದ್ರಾವಕಗಳುಳ್ಳ ಅಂಟುಗಳು ಇಪಿಡಿಎಂ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತವೆ. ಇದರ ಜೊತೆಗೆ, ಹಾಳೆಯೇ ಕೆಳಗಿನ ಪ್ಲೈವುಡ್ಡಿಗೆ ಅಂಟಿನಿಂದ ನಿಂತಿರುವುದರಿಂದ, ಫಲಕ ಎಷ್ಟು ಬಿಗಿಯಾಗಿ ಹಾಳೆಗೆ ಅಂಟಿದರೂ ಅದರ ಭದ್ರತೆ ಹಾಳೆ ಮತ್ತು ಪ್ಲೈವುಡ್ಡಿನ ನಡುವಿನ ಬೆಸುಗೆಯನ್ನು ಮೀರಲಾರದು.

ಅಂಟಿನ ಆಯ್ಕೆಯೂ ಚಾವಣಿಯನ್ನೇ ಅನುಸರಿಸಬೇಕು. 3ಎಂ ಕಂಪನಿ 1980ರಲ್ಲಿ ಹೊರತಂದ ವಿಎಚ್‌ಬಿ ಎಂಬ ಎರಡು ಬದಿಯ ಅಕ್ರಿಲಿಕ್ ಅಂಟುಪಟ್ಟಿಯು ಲೋಹ ಮತ್ತು ಫೈಬರ್‌ಗ್ಲಾಸಿಗೆ ಹೆಸರಾಗಿದೆ. ರಬ್ಬರ್ ಹಾಳೆಗಳಿಗೆ ಅವುಗಳಿಗೆಂದೇ ರೂಪಿಸಿದ ಚಾವಣಿ ಪಟ್ಟಿಗಳು ಮತ್ತು ತಯಾರಕರು ಒಪ್ಪಿದ ಸೀಲೆಂಟುಗಳು ದೊರೆಯುತ್ತವೆ. ಕೆಲಸದ ಕ್ರಮ ಹೀಗಿರುತ್ತದೆ: ಫಲಕ ಕೂರುವ ಜಾಗವನ್ನು ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಲೋಹ ಅಥವಾ ಫೈಬರ್‌ಗ್ಲಾಸ್ ಆದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಜಿಡ್ಡು ತೆಗೆಯಬೇಕು. ಫಲಕಗಳನ್ನು ಅಂಟಿಲ್ಲದೆ ಒಮ್ಮೆ ಹರಡಿ, ಗಾಳಿಕಿಂಡಿ, ಆಂಟೆನಾ ಮತ್ತು ಚಾವಣಿಯ ಏರ್ ಕಂಡಿಷನರುಗಳ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಗುರುತು ಹಾಕಬೇಕು. ಬಳಿಕ ಹಿತವಾದ ಬಿಸಿಯಿರುವ ಹೊತ್ತಿನಲ್ಲಿ ಫಲಕವನ್ನು ಒಂದು ಅಂಚಿನಿಂದ ಕೂರಿಸುತ್ತ ಹೋಗಿ, ರೋಲರಿನಿಂದ ಒತ್ತಿ ಗಾಳಿಗುಳ್ಳೆಗಳನ್ನು ಹೊರಡಿಸಬೇಕು. ವಿಎಚ್‌ಬಿ ಪಟ್ಟಿಗಳು ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಪೂರ್ಣ ಬಲ ಪಡೆಯಲು 72 ಗಂಟೆ ತೆಗೆದುಕೊಳ್ಳುವುದರಿಂದ ಅಲ್ಲಿಯವರೆಗೆ ವಾಹನವನ್ನು ಹೆದ್ದಾರಿಗೆ ಇಳಿಸದಿರುವುದು ಒಳ್ಳೆಯದು. ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 50 ಕಿಲೋ ತೂಕಕ್ಕೆ ಸಮನಾಗುತ್ತದೆ. ಮುಂದಿನ ಅಂಚು ತುಸು ಸಡಿಲಗೊಂಡರೂ ಬಿರುಗಾಳಿಗೆ ಹಂಚು ಹಾರಿದಂತೆ ಫಲಕ ಹಾರಿ ಹಿಂದಿನಿಂದ ಬರುವವರಿಗೆ ಅಪಾಯ ತರಬಹುದು. ಈ ಕಾರಣದಿಂದ ಮುಂದಿನ ಅಂಚನ್ನು ಪೂರ್ತಿಯಾಗಿ ಸೀಲೆಂಟಿನಿಂದ ಮುಚ್ಚಬೇಕು. ಫಲಕದಡಿ ಸೇರಿದ ತೇವ ಹೊರಹೋಗಲು ಹಿಂದಿನ ಅಂಚಿನಲ್ಲಿ ಸಣ್ಣ ತೆರಪು ಉಳಿಸುವ ಪದ್ಧತಿಯೂ ಇದೆ.

ಈ ವಿಧಾನದ ದೊಡ್ಡ ಕೊರತೆ ಶಾಖ. ಫಲಕದ ಮೇಲೆ ಬರೆದಿರುವ ಸಾಮರ್ಥ್ಯವನ್ನು ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಾಗ ಅಳೆಯಲಾಗಿರುತ್ತದೆ. ಅದಕ್ಕಿಂತ ಪ್ರತಿ ಡಿಗ್ರಿ ಏರಿದಂತೆ ಹರಳುರೂಪದ ಸಿಲಿಕಾನಿನ ಉತ್ಪಾದನೆ ಸುಮಾರು ಶೇ 0.4ರಷ್ಟು ತಗ್ಗುತ್ತದೆ. ಬ್ರಾಕೆಟ್ಟಿನ ಮೇಲಿನ ಫಲಕದ ಕೆಳಗೆ ಗಾಳಿಯಾಡುತ್ತದೆ. ಅಂಟಿಸಿದ ಫಲಕಕ್ಕೆ ಆ ಉಪಶಮನವಿಲ್ಲ. ಕೋಶದ ಉಷ್ಣತೆ 65 ಡಿಗ್ರಿ ಮುಟ್ಟಿದರೆ ಸಾಮರ್ಥ್ಯದ ಶೇ 16ರಷ್ಟು ಅಲ್ಲಿಯೇ ಕಳೆದುಹೋಗುತ್ತದೆ. ನಿತ್ಯ ಕಾದು ತಣಿಯುವ ಪದರಗಳು ಕ್ರಮೇಣ ಬಿಟ್ಟುಕೊಳ್ಳುತ್ತವೆ. ಗಾಜಿನ ಫಲಕಗಳಿಗೆ 25 ವರ್ಷಗಳ ಉತ್ಪಾದನಾ ಖಾತರಿ ವಾಡಿಕೆಯಾಗಿದ್ದರೆ ತೆಳು ಫಲಕಗಳ ಖಾತರಿ ಬಹುತೇಕ ಕೆಲವೇ ವರ್ಷಗಳದ್ದು. ಫಲಕ ಕೆಟ್ಟ ದಿನ ಅದನ್ನು ಕೀಳಲು ಹೋದರೆ ರಬ್ಬರ್ ಹಾಳೆಯೂ ಹರಿದು ಬರಬಹುದು. ಆದ್ದರಿಂದ ಒಳಗೆ ಕೊಳವೆಗಳಂತಹ ಪೊಳ್ಳುಗಳಿರುವ ಪಾಲಿಕಾರ್ಬೊನೇಟ್ ಹಾಳೆಯನ್ನು ಮೊದಲು ಚಾವಣಿಗೆ ಕೂರಿಸಿ ಅದರ ಮೇಲೆ ಫಲಕವನ್ನು ಅಂಟಿಸುವುದು ಜಾಣತನ. ಹಾಳೆಯ ಪೊಳ್ಳುಗಳಲ್ಲಿ ಗಾಳಿ ಸುಳಿಯುತ್ತದೆ, ಫಲಕ ಬದಲಿಸುವಾಗ ಚಾವಣಿಯೂ ಉಳಿಯುತ್ತದೆ.

ವಿದ್ಯುತ್ ಜೋಡಣೆಯಲ್ಲಿ ಮೊದಲು ನೆನಪಿಡಬೇಕಾದುದು ನೆರಳಿನ ಪ್ರಭಾವ. ಫಲಕದೊಳಗಿನ ಕೋಶಗಳು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದು ಕೋಶದ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಹರಿವು ಕುಂಠಿತವಾಗುತ್ತದೆ. ನೆರಳು ಬಿದ್ದ ಭಾಗವನ್ನು ಬಿಟ್ಟು ವಿದ್ಯುತ್ ಹರಿಯಲು ದಾರಿ ಮಾಡಿಕೊಡುವ ಬೈಪಾಸ್ ಡಯೋಡುಗಳಿಂದ ಈ ನಷ್ಟ ಭಾಗಶಃ ಮಾತ್ರ ತಪ್ಪುತ್ತದೆ. ಸುಮಾರು 18 ವೋಲ್ಟಿನ, 100 ವಾಟಿನ ನಾಲ್ಕು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ 72 ವೋಲ್ಟಿನಲ್ಲಿ ಐದೂವರೆ ಆಂಪಿಯರ್ ಹರಿಯುವುದರಿಂದ ತೆಳುವಾದ ತಂತಿ ಸಾಕು. ಸಮಾಂತರವಾಗಿ ಜೋಡಿಸಿದರೆ 22 ಆಂಪಿಯರಿಗೆ ದಪ್ಪ ತಂತಿ ಬೇಕು, ಆದರೆ ಒಂದು ಫಲಕದ ನೆರಳು ಉಳಿದವನ್ನು ಬಾಧಿಸುವುದಿಲ್ಲ. ಫಲಕ ಮತ್ತು ಬ್ಯಾಟರಿಯ ನಡುವೆ ಚಾರ್ಜ್ ಕಂಟ್ರೋಲರ್ ಎಂಬ ನಿಯಂತ್ರಕ ಇರಲೇಬೇಕು. ಅದರ ಅಗ್ಗದ ಪಿಡಬ್ಲ್ಯುಎಂ ಮಾದರಿ ಫಲಕದ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದು ಹೆಚ್ಚುವರಿಯನ್ನು ವ್ಯರ್ಥವಾಗಲು ಬಿಡುತ್ತದೆ. ಎಂಪಿಪಿಟಿ ಮಾದರಿಯು ಆ ಹೆಚ್ಚುವರಿಯನ್ನು ಪ್ರವಾಹವಾಗಿ ಮಾರ್ಪಡಿಸುತ್ತದೆ. ಸರಣಿ ಜೋಡಣೆಗೆ ಎಂಪಿಪಿಟಿ ಮಾದರಿಯೇ ಬೇಕು. ಬ್ಯಾಟರಿಯ ಸಮೀಪದಲ್ಲಿ ಫ್ಯೂಸ್ ಇರಬೇಕು, ಮತ್ತು ಕಂಟ್ರೋಲರಿಗೆ ಬ್ಯಾಟರಿಯನ್ನು ಮೊದಲು, ಫಲಕವನ್ನು ಆಮೇಲೆ ಜೋಡಿಸಬೇಕು. ತಂತಿಯನ್ನು ಒಳಗೆ ಒಯ್ಯಲು ಒಂದು ರಂಧ್ರವಾದರೂ ಸಾಮಾನ್ಯವಾಗಿ ಬೇಕಾಗುವುದರಿಂದ ಅದನ್ನು ಮುಚ್ಚಿದ ಪೆಟ್ಟಿಗೆಯ ಕೆಳಗೆ ಕೊರೆದು ಸೀಲ್ ಮಾಡಬೇಕು.

ಮಟ್ಟಸವಾಗಿ ಅಂಟಿಸಿದ ಫಲಕವನ್ನು ಸೂರ್ಯನತ್ತ ವಾಲಿಸಲು ಬರುವುದಿಲ್ಲ. ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದ ಕ್ವಾರ್ಟ್ಸೈಟಿನಲ್ಲಿ ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯನು ದಿಗಂತದಿಂದ 33 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ. ಆಗ ಮಟ್ಟಸ ಫಲಕಕ್ಕೆ ದಕ್ಕುವ ನೇರ ಕಿರಣಗಳ ಪಾಲು, ಸೂರ್ಯನಿಗೆ ಮುಖಮಾಡಿದ ಫಲಕದ ಪಾಲಿನ ಶೇ 54ರಷ್ಟು ಮಾತ್ರ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಅದೇ ದಿನ ಇದು ಶೇ 80ರಷ್ಟಿರುತ್ತದೆ. ಕರ್ನಾಟಕದಲ್ಲಿಯೂ ಕ್ಯಾಂಪರ್ ವ್ಯಾನುಗಳು ಬಾಡಿಗೆಗೆ ದೊರೆಯತೊಡಗಿರುವುದರಿಂದ ಈ ವ್ಯತ್ಯಾಸ ಗಮನಾರ್ಹ: ಇಲ್ಲಿ ವಾಲಿಸಲಾಗದ ಕೊರತೆ ಚಿಕ್ಕದು, ಬೇಸಿಗೆಯ ಶಾಖದ ಕೊರತೆ ದೊಡ್ಡದು.

ದೊರೆಯುವ ವಿದ್ಯುತ್ತಿನ ಲೆಕ್ಕವೂ ಸ್ಪಷ್ಟವಿರಬೇಕು. 400 ವಾಟಿನ ಫಲಕಗಳಿಗೆ ದಿನಕ್ಕೆ ನಾಲ್ಕು ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕಿ, ಅದರಲ್ಲಿ ಕಾಲುಭಾಗ ಶಾಖ ಮತ್ತು ತಂತಿಗಳಲ್ಲಿ ಕಳೆದರೆ, 1.2 ಯೂನಿಟ್ ಉಳಿಯುತ್ತದೆ. ದೀಪ, ಪಂಪು, ಫೋನು, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಫ್ರಿಜ್ಜುಗಳಿಗೆ ಅಷ್ಟು ಸಾಕು. ಆದರೆ ಸುಮಾರು 1,400 ವಾಟ್ ಎಳೆಯುವ ಚಾವಣಿಯ ಏರ್ ಕಂಡಿಷನರ್ ಅಷ್ಟನ್ನೂ ಒಂದು ಗಂಟೆಯೊಳಗೆ ಮುಗಿಸಿಬಿಡುತ್ತದೆ.

ಇವೆಲ್ಲವನ್ನೂ ತೂಗಿ ನೋಡಿದಾಗ, ದುಂಡು ಚಾವಣಿಗೆ, ತೂಕದ ಮಿತಿಯಿರುವ ಸಣ್ಣ ವ್ಯಾನಿಗೆ, ಕೊರೆಯಬಾರದ ಫೈಬರ್‌ಗ್ಲಾಸ್ ಮೈಗೆ ಅಂಟಿಸುವ ಫಲಕ ಯೋಗ್ಯ ಆಯ್ಕೆಯಾಗಿದೆ. ಮಟ್ಟಸವಾದ, ಗಟ್ಟಿಮುಟ್ಟಾದ ಚಾವಣಿಯಿದ್ದು ಹಲವು ವರ್ಷ ಬಳಸುವ ಉದ್ದೇಶವಿದ್ದರೆ, ನಾಲ್ಕಾರು ರಂಧ್ರಗಳನ್ನು ಜಾಗರೂಕತೆಯಿಂದ ಮುಚ್ಚಿ ಗಾಜಿನ ಫಲಕವನ್ನು ಕೂರಿಸುವುದೇ ಮೇಲು. ಎರಡರಲ್ಲಿ ಯಾವುದನ್ನು ಆರಿಸಿದರೂ ವರ್ಷಕ್ಕೆ ಎರಡು ಬಾರಿಯಾದರೂ ಚಾವಣಿಗೆ ಹತ್ತಿ ಅಂಚುಗಳನ್ನೂ ಸೀಲೆಂಟನ್ನೂ ಪರೀಕ್ಷಿಸುವ ಅಭ್ಯಾಸವನ್ನು ವಾಹನದ ಒಡೆಯರು ತಪ್ಪದೆ ಇಟ್ಟುಕೊಳ್ಳಬೇಕು.