ರಿಮ್ಸ್, ಏಮ್ಸ್ ಮತ್ತು ನಮ್ಮ ವರ್ತಕರು

ಯುಗಾದಿಯ ಹೊತ್ತಿಗೆ ನೂತನ ಆರ್ಥಿಕ ವರ್ಷವೂ ಆರಂಭಗೊಳ್ಳುವುದರಿಂದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯತ್ತ ವರ್ತಕ ಬಾಂಧವರು ಗಮನಹರಿಸುವುದು ಉಚಿತ. 2007ರಲ್ಲಿ ಸ್ಥಾಪಿತವಾದ ಈ ಸರ್ಕಾರಿ ಕಾಲೇಜಿನ ಆಸ್ಪತ್ರೆಯನ್ನು ದೇವದುರ್ಗ, ಮಾನ್ವಿ ತಾಲ್ಲೂಕುಗಳ ಜನರೂ ಅವಲಂಬಿಸಿದ್ದಾರೆ.

ಆಸ್ಪತ್ರೆಯೊಂದಕ್ಕೆ ಔಷಧಗಳಲ್ಲದೆ ಹಾಸುಬಟ್ಟೆ, ಪೀಠೋಪಕರಣ, ಮುದ್ರಿತ ನಮೂನೆ, ಆಹಾರಧಾನ್ಯಗಳೂ ಅವಶ್ಯ. ಇಂತಹ ಸರ್ಕಾರಿ ಖರೀದಿಯು ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಒಳಪಟ್ಟಿದೆ. ಆದಕಾರಣ ನೋಂದಣಿ ಹಾಗೂ ತೆರಿಗೆ ದಾಖಲೆಗಳನ್ನು ಕ್ರಮಬದ್ಧವಾಗಿ ಇರಿಸಿಕೊಂಡ ಸಣ್ಣ ಉದ್ಯಮಿಯೇ ಟೆಂಡರಿನಲ್ಲಿ ಭಾಗವಹಿಸಬಲ್ಲನು.

ಉನ್ನತ ಚಿಕಿತ್ಸೆಗಾಗಿ ಹೈದರಾಬಾದಿಗೆ ತೆರಳುವ ಕುಟುಂಬಗಳೊಡನೆ ಜಿಲ್ಲೆಯ ಹಣವೂ ಹೊರಹೋಗುತ್ತದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭಗೊಂಡ ಧರಣಿಯ ಆರ್ಥಿಕ ಮಹತ್ವವೂ ಇಲ್ಲಿಯೇ ಅಡಗಿದೆ. ಚಿಕಿತ್ಸೆ ಸಮೀಪಿಸಿದರೆ ರೋಗಿಗೆ ಪ್ರಾಣ ಉಳಿಯುವುದು. ಪೇಟೆಗೆ ವಹಿವಾಟು ಉಳಿಯುವುದು.