ಕೌನ್ಸೆಲರ್‌ಗೂ ಒಬ್ಬರು ಬೇಕು

ಆಪ್ತಸಮಾಲೋಚನೆಯ ಕೋರ್ಸ್ ಮುಗಿಸಿ ದಾವಣಗೆರೆಯಲ್ಲೋ ಹರಿಹರದಲ್ಲೋ ಕೆಲಸ ಶುರು ಮಾಡುವವರು ಮೊದಲು ಕೊಠಡಿ ಹುಡುಕುತ್ತಾರೆ, ಬೋರ್ಡು ಬರೆಸುತ್ತಾರೆ. ಅದಕ್ಕೂ ಮುಂಚೆ ಹುಡುಕಬೇಕಾದದ್ದು ಸೂಪರ್‌ವೈಸರನ್ನು. ತಾನು ನಡೆಸಿದ ಮಾತುಕತೆಯನ್ನು ತನಗಿಂತ ಅನುಭವಸ್ಥರೊಬ್ಬರ ಮುಂದೆ ತಪ್ಪದೆ ಬಿಚ್ಚಿಟ್ಟು, ಇಬ್ಬರೂ ಕೂಡಿ ಪರಿಶೀಲಿಸಿ, ಮುಂದೇನು ಎಂದು ತೀರ್ಮಾನಿಸುವುದೇ ಕ್ಲಿನಿಕಲ್ ಸೂಪರ್‌ವಿಷನ್. ಹಾಜರಾತಿ, ತಿಂಗಳ ವರದಿ ಕೇಳುವ ಆಫೀಸಿನ ಮೇಲ್ವಿಚಾರಣೆಯೇ ಬೇರೆ.

ಸೂಪರ್‌ವಿಷನ್ ಅನ್ನು ಕಾಯ್ದೆ ನೋಡಿಕೊಳ್ಳುತ್ತದೆ ಎಂದು ಕೂರುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪರಿಣತರ ವ್ಯಾಖ್ಯೆಯಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ನರ್ಸ್‌ಗಳು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಇದ್ದಾರೆ. ಕೌನ್ಸೆಲರ್ ಎಂಬ ಹೆಸರಿಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಕೌನ್ಸೆಲರ್‌ಗಳಿಗೆ ಜಾಗ ಸಿಕ್ಕಿತು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ವಾರಕ್ಕೊಮ್ಮೆ ಯಾರೂ ನಿಮ್ಮ ಕೆಲಸ ನೋಡಲು ಬರುವುದಿಲ್ಲ. ಬ್ರಿಟನ್ನಿನ ಕೌನ್ಸೆಲರ್‌ಗಳ ದೊಡ್ಡ ಸಂಘವಾದ ಬಿಎಸಿಪಿ, ತನ್ನ ಮಾನ್ಯತೆ ಪಡೆದ ಸದಸ್ಯರು ಎಷ್ಟೇ ಹಳಬರಾದರೂ ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಪಡೆಯಬೇಕು ಎನ್ನುತ್ತದೆ. ಹೊಸಬರಿಗೆ ನಾನು ಹೇಳುವುದು ವಾರಕ್ಕೊಂದು ಗಂಟೆ.

ಆ ಗಂಟೆ ಹೇಗಿರುತ್ತದೆ? ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಮಹಿಳೆಯೊಬ್ಬರು ಗಂಡನ ಕುಡಿತ, ಸಂಘದ ಸಾಲದ ಕಂತು ಎಲ್ಲ ಹೇಳಿಕೊಂಡು ಕೊನೆಗೆ “ನನಗಂತೂ ಸಾಕಾಗೈತ್ರಿ ಮೇಡಂ” ಎನ್ನುತ್ತಾರೆ. ತರಬೇತಿಯಲ್ಲಿರುವ ಕೌನ್ಸೆಲರ್ “ಹಂಗನ್ನಬ್ಯಾಡ್ರಿ ಅಕ್ಕಾ, ಮಕ್ಕಳ ಮುಖ ನೋಡ್ರಿ” ಎಂದು ಸಮಾಧಾನ ಮಾಡಿ ಕಳಿಸುತ್ತಾರೆ. ಟಿಪ್ಪಣಿಯಲ್ಲಿ ‘ಧೈರ್ಯ ತುಂಬಲಾಯಿತು’ ಎಂದಷ್ಟೇ ಬರೆದರೆ ನಡೆದದ್ದು ಯಾರಿಗೂ ತಿಳಿಯದು. ಅದಕ್ಕೇ ಸೂಪರ್‌ವೈಸರ್ ಬಳಿಗೆ ಸಾರಾಂಶ ಒಯ್ಯಬಾರದು. ಅವರು ಹೇಳಿದ್ದು, ನಾನು ಹೇಳಿದ್ದು, ಆಗ ನನಗೆ ಅನ್ನಿಸಿದ್ದು, ಈ ಮೂರನ್ನೂ ನೆನಪಿದ್ದಷ್ಟು ಮಾತಿಗೆ ಮಾತು ಅದೇ ದಿನ ಅಕ್ಕಪಕ್ಕ ಬರೆಯಬೇಕು. ಹೆಸರು, ಬೀದಿ, ಕೆಲಸ ಎಲ್ಲ ಬದಲಿಸಬೇಕು.

ಸೂಪರ್‌ವೈಸರ್ ಓದುತ್ತಾ ‘ಸಾಕಾಗೈತಿ’ ಬಳಿ ನಿಲ್ಲುತ್ತಾರೆ.

“ಏನು ಸಾಕಾಗೈತಿ ಅಂತ ಕೇಳಿದ್ರಾ?”

“ಇಲ್ಲ ಮೇಡಂ. ಹೆದರಿಕೆ ಆತು. ಕೇಳಿದ್ರೆ ನಾನೇ ಆ ಯೋಚನೆ ತಲೆಗೆ ಹಾಕಿದಂಗ ಆಗ್ತದೇನೋ ಅಂತ.”

ನಿಜವಾದ ಕಲಿಕೆ ಶುರುವಾಗುವುದು ಇಲ್ಲಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದನ್ನು ಸಂಶೋಧನೆಗಳು ತೋರಿಸಿವೆ. ಸೂಪರ್‌ವೈಸರ್ ಅದನ್ನು ಹೇಳಿ ಸುಮ್ಮನಾಗುವುದಿಲ್ಲ; ತಾವೇ ಆ ಮಹಿಳೆಯ ಪಾತ್ರ ವಹಿಸಿ, ನಾಲಿಗೆ ತೊದಲದಷ್ಟು ಸಲ ಆ ಪ್ರಶ್ನೆ ಕೇಳಿಸುತ್ತಾರೆ. ಮುಂದಿನ ಭೇಟಿಯವರೆಗೆ ಕಾಯದೆ ಇವತ್ತೇ ಫೋನ್ ಮಾಡಬೇಕೇ, ಮನೆಯಲ್ಲಿ ಕೀಟನಾಶಕ ಇದೆಯೇ, ಜೊತೆಗಿರಲು ಯಾರಿದ್ದಾರೆ, ಮನೋವೈದ್ಯರ ಬಳಿ ಯಾವಾಗ ಕರೆದೊಯ್ಯಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಟ್ಟಾಗಿದೆಯೇ ಎಂಬುದೆಲ್ಲ ತೀರ್ಮಾನವಾಗಿ ಕಾಗದಕ್ಕೆ ಇಳಿಯುತ್ತದೆ. ಕಡೆಗೆ ಆ ಹೆದರಿಕೆಯ ಬಗ್ಗೆಯೂ ಮಾತು. ಕೌಶಲ ಕಲಿಸುವುದು, ಕ್ಲೈಂಟ್‌ನ ಸುರಕ್ಷತೆ ಕಾಯುವುದು, ಕೌನ್ಸೆಲರ್‌ಗೆ ಆಸರೆಯಾಗುವುದು: ಕೌನ್ಸೆಲಿಂಗ್ ತರಬೇತುದಾರರಾದ ಬ್ರಿಜಿಡ್ ಪ್ರಾಕ್ಟರ್ 1980ರ ದಶಕದಲ್ಲಿ ಸೂಪರ್‌ವಿಷನ್‌ಗೆ ಗುರುತಿಸಿದ ಮೂರು ಕೆಲಸಗಳೂ ಈ ಒಂದೇ ಗಂಟೆಯಲ್ಲಿ ಆದವು. ಹಾಗೆಂದು ಇದು ಕೌನ್ಸೆಲರ್‌ನ ಚಿಕಿತ್ಸೆಯಲ್ಲ. ಅವರ ಮನೆಯ ನೋವು ಕೆಲಸಕ್ಕೆ ಅಡ್ಡ ಬರುತ್ತಿದ್ದರೆ ಸೂಪರ್‌ವೈಸರ್ ಅದನ್ನು ತೋರಿಸಿಕೊಟ್ಟು ಬೇರೊಬ್ಬ ಕೌನ್ಸೆಲರ್ ಬಳಿ ಕಳಿಸಬೇಕು.

ಶಾಲೆ, ಪಿಯು ಕಾಲೇಜುಗಳಲ್ಲಿ ಕೂರುವವರು ಇನ್ನೊಂದನ್ನು ಮೊದಲ ವಾರವೇ ಕಲಿತುಕೊಳ್ಳಬೇಕು. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು. ಹಾಗಾಗಿ “ಯಾರಿಗೂ ಹೇಳಲ್ಲ” ಎಂಬ ಮಾತನ್ನು ಮಗುವಿಗೆ ಕೊಡುವಂತಿಲ್ಲ. ಯಾವುದು ಗುಟ್ಟಾಗಿರುತ್ತದೆ, ಯಾವುದು ಇರುವುದಿಲ್ಲ ಎಂದು ಮಗುವಿಗೆ ಅರ್ಥವಾಗುವ ಹಾಗೆ ಮೊದಲೇ ಹೇಳುವುದನ್ನು ಸೂಪರ್‌ವಿಷನ್‌ನಲ್ಲಿ ಅಭ್ಯಾಸ ಮಾಡಿಕೊಳ್ಳಬೇಕು.

ನಮ್ಮ ಊರುಗಳ ತೊಡಕು ಬೇರೆಯದೇ. ಇಲ್ಲಿ ಕ್ಲೈಂಟ್‌ನ ಅತ್ತೆ ಸೂಪರ್‌ವೈಸರ್‌ಗೆ ಬೀಗಿತ್ತಿಯಾಗಿರಬಹುದು. ಗುರುತು ಬದಲಿಸಿದರೂ ಎರಡು ಮಾತಿನಲ್ಲಿ ಯಾರ ಮನೆಯ ಕಥೆ ಎಂದು ತಿಳಿದುಬಿಡುತ್ತದೆ. ದಾವಣಗೆರೆ–ಹರಿಹರದ ನಡುವಿನ ಸುಮಾರು 14 ಕಿಲೋಮೀಟರ್ ಇಲ್ಲಿ ಉಪಕಾರಕ್ಕೆ ಬರುತ್ತದೆ: ಹರಿಹರದಲ್ಲಿ ಕೆಲಸ ಮಾಡುವವರು ದಾವಣಗೆರೆಯವರನ್ನೂ, ದಾವಣಗೆರೆಯವರು ಹರಿಹರದವರನ್ನೂ ಆರಿಸಿಕೊಳ್ಳಬಹುದು. ಗುರುತಿನವರೆಂದು ಗೊತ್ತಾದ ತಕ್ಷಣ ಆ ಕೇಸನ್ನು ಬೇರೆಯವರೊಂದಿಗೆ ಚರ್ಚಿಸಬೇಕು. ಸಂಬಳ ಕೊಡುವ ಮುಖ್ಯಸ್ಥರೇ ಸೂಪರ್‌ವೈಸರ್ ಆಗುವುದು ನನಗೆ ಒಪ್ಪಿಗೆಯಿಲ್ಲ. ಕೆಲಸ ಹೋದೀತೆಂಬ ಅಂಜಿಕೆಯಿದ್ದವರು ತಪ್ಪನ್ನು ಬಾಯಿಬಿಡುವುದಿಲ್ಲ.

ಹುಡುಕುವುದೆಲ್ಲಿ? ಜೆಜೆಎಂ ವೈದ್ಯಕೀಯ ಕಾಲೇಜು, ಎಸ್‌ಎಸ್ ವೈದ್ಯಕೀಯ ಸಂಸ್ಥೆಗಳ ಮನೋವೈದ್ಯಶಾಸ್ತ್ರ ವಿಭಾಗದಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ವಿಚಾರಿಸಬಹುದು. ಬೆಂಗಳೂರಿನವರೊಡನೆ ವಿಡಿಯೊ ಕರೆಯೂ ನಡೆಯುತ್ತದೆ, ಆದರೆ ಬಾಗಿಲು ಹಾಕಿದ ಕೋಣೆ ಬೇಕು. ಅಡುಗೆಮನೆಯವರೆಗೆ ಮಾತು ಕೇಳಿಸುವ ಪಡಸಾಲೆ ಆಗದು. ನಾಲ್ಕೈದು ಕೌನ್ಸೆಲರ್‌ಗಳು ಸೇರಿ ಒಬ್ಬ ಹಿರಿಯರನ್ನು ಹಿಡಿದರೆ ಖರ್ಚೂ ಇಳಿಯುತ್ತದೆ. ಎಲ್ಲರೂ ಹೊಸಬರೇ ಇರುವ ಗುಂಪು ಮಾತ್ರ ಸಾಲದು.

ಮೊದಲ ಭೇಟಿಯಲ್ಲೇ ದಿನ, ಶುಲ್ಕ, ಟಿಪ್ಪಣಿ ಎಲ್ಲಿರುತ್ತದೆ, ತುರ್ತಿಗೆ ರಾತ್ರಿ ಫೋನ್ ಮಾಡಬಹುದೇ, ಅವರು ಸಿಗದಿದ್ದರೆ ಯಾರು ಎಂಬುದನ್ನು ಬರೆದುಕೊಂಡು ಇಬ್ಬರೂ ಸಹಿ ಹಾಕಿ. ನೀವು ಸೂಪರ್‌ವಿಷನ್‌ಗೆ ಹೋಗುತ್ತೀರೆಂದೂ, ಅವರ ಹೆಸರು ಅಲ್ಲಿ ಹೇಳುವುದಿಲ್ಲವೆಂದೂ ಕ್ಲೈಂಟ್‌ಗಳಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಕೆಲವು ತಿಂಗಳ ಮೇಲೂ ಕಷ್ಟದ ಕೇಸುಗಳನ್ನು ಬಿಟ್ಟು ಚೆನ್ನಾಗಿ ನಡೆದವನ್ನೇ ಆರಿಸಿ ಒಯ್ಯುತ್ತಿದ್ದೀರಾದರೆ, ಅದನ್ನೇ ಆ ವಾರದ ವಿಷಯ ಮಾಡಿ. ಆಮೇಲೂ ಬಾಯಿ ಕಟ್ಟಿದಂತಿದ್ದರೆ ಸೂಪರ್‌ವೈಸರನ್ನು ಬದಲಿಸಿ.